ಅಪ್ಪನ ವಾಚಿಗೆ ಹೊಸ ಬೆಲ್ಟ್: ಕೇಸಿಗೆ ಗೀರು ಬೀಳದ ಹಾಗೆ ಹಾಕುವುದು ಹೇಗೆ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರದ ಹಳ್ಳಿ. ಅಪ್ಪ ಕಟ್ಟುತ್ತಿದ್ದ ಎಚ್‌ಎಂಟಿ ಕೀ ಕೊಡೋ ವಾಚು ಈಗ ನನ್ನ ಹತ್ತಿರ ಇದೆ. ಕಳೆದ ವರ್ಷ ಹೊಸ ಚರ್ಮದ ಬೆಲ್ಟ್ ಹಾಕಿಸಿದೆ. ಮನೆಗೆ ಬಂದು ನೋಡಿದರೆ ಬೆಲ್ಟ್ ಸೇರುವ ಜಾಗದಲ್ಲಿ ಎರಡು ಗೀರು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಗೀರಿನ ಅಂಚಿನಲ್ಲಿ ಹಸಿರು ಬಣ್ಣ ಕಾಣಿಸಿಕೊಂಡಿದೆ. ಆ ಬೆಲ್ಟೂ ಬೂಷ್ಟು ಹಿಡಿದು ಹಾಳಾಯಿತು. ಈ ಸಲ ನಾನೇ ಬದಲಿಸೋಣ ಅಂದುಕೊಂಡಿದ್ದೇನೆ. ನನ್ನ ಹೆಂಡತಿಯ ಸ್ಟೀಲ್ ವಾಚಿನ ಚೈನ್ ತೆಗೆದು ಬೆಲ್ಟ್ ಹಾಕುವುದೂ ಇದೆ. ಕೇಸಿಗೆ ಗೀರು ಬೀಳದ ಹಾಗೆ ಮಾಡುವುದು ಹೇಗೆ? ಯಾವ ಟೂಲ್ ತಗೊಳ್ಳಬೇಕು?

ಉತ್ತರ: ಮೊದಲು ಆ ಹಸಿರು ಬಣ್ಣದ ವಿಷಯ ಮಾತಾಡೋಣ. ಬೆಲ್ಟ್ ಒಂದು ವಾರ ತಡವಾದರೂ ಪರವಾಗಿಲ್ಲ, ಅದು ತಡವಾಗಬಾರದು.

ವಾಚನ್ನು ತಿರುಗಿಸಿ ಹಿಂದಿನ ಮುಚ್ಚಳ ನೋಡಿ. ‘ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್’ ಎಂದು ಇಂಗ್ಲಿಷಿನಲ್ಲಿ ಕೊರೆದಿದ್ದರೆ ಸ್ಟೀಲ್ ಆಗಿರುವುದು ಆ ಮುಚ್ಚಳ ಮಾತ್ರ. ಉಳಿದ ಕೇಸ್, ಅಂದರೆ ವಾಚಿನ ಹೊರಗವಚ, ಸಾಮಾನ್ಯವಾಗಿ ಹಿತ್ತಾಳೆ, ಅದರ ಮೇಲೆ ಕ್ರೋಮ್ ಲೇಪ. ಕೀ ಕೊಡೋ ಹಳೇ ವಾಚುಗಳಲ್ಲಿ ಇಂಥ ಕೇಸ್ ಬಹಳ ಇವೆ. ಆ ಲೇಪ ತಲೆಗೂದಲಿಗಿಂತ ಎಷ್ಟೋ ತೆಳು. ಚೂಪಾದ ಟೂಲ್ ಒಂದು ಸಲ ಜಾರಿದರೆ ಸಾಕು, ಲೇಪ ಕಿತ್ತು ಒಳಗಿನ ಹಿತ್ತಾಳೆ ಹೊರಗೆ ಬರುತ್ತದೆ. ಹಿತ್ತಾಳೆಯಲ್ಲಿ ತಾಮ್ರ ಇರುತ್ತದಲ್ಲ, ಬೆವರಿನ ಉಪ್ಪೂ ನಮ್ಮ ಮಲೆನಾಡಿನ ತೇವವೂ ಸೇರಿದರೆ ಅದು ಕಿಲುಬು ಹಿಡಿಯುತ್ತದೆ. ನಿಮಗೆ ಕಂಡಿರುವ ಹಸಿರು ಅದೇ. ಈ ಕಿಲುಬು ಇದ್ದಲ್ಲೇ ಇರುವುದಿಲ್ಲ. ಪಕ್ಕದ ಲೇಪದ ಅಡಿಗೆ ನುಗ್ಗಿ ಅದನ್ನೂ ಎಬ್ಬಿಸುತ್ತಾ ಹೋಗುತ್ತದೆ.

ಪೂರ್ತಿ ಸ್ಟೀಲ್ ಕೇಸಿನ ಕಥೆ ಬೇರೆ. ಅಲ್ಲಿ ಗೀರು ಬಿದ್ದರೆ ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೇ. ಒಳಗೂ ಅದೇ ಲೋಹ ಇರುವುದರಿಂದ ಮುಂದೆ ಹಬ್ಬುವುದಿಲ್ಲ. ಬೇಕೆಂದರೆ ಪಾಲಿಶ್ ಮಾಡಿಸಬಹುದು. ಲೇಪದ ಕೇಸನ್ನು ಹಾಗೆ ಉಜ್ಜಿದರೆ ಉಳಿದ ಲೇಪವೂ ಹೋಗುತ್ತದೆ. ಅದಕ್ಕೇ ನಿಮ್ಮ ಎರಡು ವಾಚುಗಳಲ್ಲಿ ಅಪ್ಪನ ವಾಚಿಗೆ ಜಾಸ್ತಿ ಎಚ್ಚರ ಬೇಕು.

ದೇವರ ಮನೆಯ ದೀಪಕ್ಕೆ ಕಿಲುಬು ಬಂದರೆ ಹುಣಸೆಹಣ್ಣು ಹಾಕಿ ತಿಕ್ಕುತ್ತೇವೆ. ವಾಚಿಗೆ ಹಾಗೆ ಮಾಡಬೇಡಿ. ಹುಳಿ ಲೇಪದ ಅಂಚಿನಡಿ ಇಳಿದು ಅಲ್ಲೇ ಉಳಿಯುತ್ತದೆ. ಬೆಲ್ಟ್ ತೆಗೆದ ಮೇಲೆ ಮರದ ಹಲ್ಲುಕಡ್ಡಿಯ ತುದಿಯಿಂದ ಹಸಿರನ್ನು ಮೆಲ್ಲಗೆ ಕೆರೆದು ತೆಗೆಯಿರಿ. ಒಣಗಿದ ಮೃದು ಬ್ರಷ್ಷಿನಿಂದ ಪುಡಿ ಝಾಡಿಸಿ. ಸ್ಪಿರಿಟ್‌ನಲ್ಲಿ ಸ್ವಲ್ಪವೇ ಅದ್ದಿದ ಇಯರ್‌ಬಡ್‌ನಿಂದ ಆ ಜಾಗ ಮಾತ್ರ ಒರೆಸಿ. ಗಾಜಿಗೆ ಸ್ಪಿರಿಟ್ ತಾಗಬಾರದು, ಈ ವಾಚುಗಳ ಗಾಜು ಅಕ್ರಿಲಿಕ್, ಬಿರುಕು ಬಿಡಬಹುದು. ಪೂರ್ತಿ ಒಣಗಿದ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ತೆಳು ಪದರ ಹಚ್ಚಿ ರಾತ್ರಿ ಇಡೀ ಬಿಡಿ. ಇದು ಶಾಶ್ವತ ರಿಪೇರಿ ಅಲ್ಲ, ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕು. ಆದರೆ ಗಾಳಿ, ಬೆವರು ಹಿತ್ತಾಳೆಗೆ ತಾಗುವುದು ನಿಲ್ಲುತ್ತದೆ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ಕಾರ್ಖಾನೆ ಶುರುವಾಯಿತು. 1978ರಲ್ಲಿ ತುಮಕೂರಿನಲ್ಲೂ ಒಂದು ಬಂತು. ನಮ್ಮ ಕಡೆ ಮದುವೆಗೆ, ಮೇಷ್ಟ್ರ ಕೆಲಸ ಸಿಕ್ಕಿದ್ದಕ್ಕೆ, ಎಸ್ಸೆಸ್ಸೆಲ್ಸಿ ಪಾಸಾಗಿದ್ದಕ್ಕೆ ಅಂತ ಕೊಡಿಸಿದ ವಾಚು ಬಹಳ ಮನೆಗಳಲ್ಲಿ ಅದೇ. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚು ಕಂಪನಿಯನ್ನು ಮುಚ್ಚಲು ಒಪ್ಪಿತು. ಒಳಗಿನ ಯಂತ್ರ ಕೆಟ್ಟರೆ ಬೇರೊಂದು ಹಳೇ ವಾಚಿನಿಂದ ಭಾಗ ತೆಗೆದು ನಮ್ಮಂಥ ವಾಚು ರಿಪೇರಿಯವರು ಹೇಗೋ ನಡೆಸುತ್ತೇವೆ. ಅದೇ ಮಾದರಿಯ ಒಳ್ಳೇ ಕೇಸ್ ಹುಡುಕುವುದು ಮಾತ್ರ ನಿಜಕ್ಕೂ ಕಷ್ಟ. ಸಿಕ್ಕಿದರೂ ಅದು ನಿಮ್ಮ ಅಪ್ಪ ಕಟ್ಟಿದ ಕೇಸ್ ಆಗಿರುವುದಿಲ್ಲ, ಅಲ್ವಾ?

ಈಗ ಗೀರು ಹೇಗೆ ಬೀಳುತ್ತದೆ ಅಂತ ನೋಡೋಣ. ಅದು ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ಕೇಸಿನಿಂದ ಮೇಲೆ ಎರಡು, ಕೆಳಗೆ ಎರಡು ಕೊಂಬಿನ ಹಾಗೆ ಚಾಚಿಕೊಂಡಿರುತ್ತವಲ್ಲ, ಅವೇ ಲಗ್. ಒಂದೊಂದು ಜೊತೆ ಲಗ್ ನಡುವೆ ಒಂದು ಸಣ್ಣ ಸರಳು ಕೂತಿರುತ್ತದೆ. ಅದರ ಹೆಸರು ಸ್ಪ್ರಿಂಗ್ ಬಾರ್. ಅಂಗಡಿಯಲ್ಲಿ ಬೆಲ್ಟ್ ಪಿನ್ ಅಂದರೆ ಸಾಕು, ಕೊಡುತ್ತಾರೆ. ಅದೊಂದು ಪುಟ್ಟ ಕೊಳವೆ, ಒಳಗೆ ಸ್ಪ್ರಿಂಗ್, ಎರಡೂ ಕಡೆ ಒಳಗೆ ಸರಿಯುವ ಮೊನೆ. ಆ ಮೊನೆಗಳು ಲಗ್‌ನ ಒಳಗೋಡೆಯ ತೂತಿನಲ್ಲಿ ಕೂತಿರುತ್ತವೆ. ಸಾಮಾನ್ಯ ಪಿನ್ 1.5 ಮಿ.ಮೀ. ದಪ್ಪ, ಗಟ್ಟಿ ವಾಚುಗಳಿಗೆ 1.8 ಮಿ.ಮೀ. ಕೂಡ ಬರುತ್ತದೆ. ಮೊನೆಯ ಹತ್ತಿರ ಸುತ್ತಲೂ ಉಬ್ಬಿದ ಬಳೆ ಇರುತ್ತದೆ. ಒಳ್ಳೇ ಪಿನ್‌ನಲ್ಲಿ ಒಂದೊಂದು ಕಡೆ ಎರಡೆರಡು ಬಳೆ, ನಡುವೆ ಒಂದು ಸಂದು. ಟೂಲಿನ ಕವಲು ಹಿಡಿಯಬೇಕಾದ್ದು ಆ ಸಂದನ್ನು.

ಪಿನ್ ಹೊರಗೆ ಬರಬೇಕಾದರೆ ಆ ಬಳೆಯನ್ನು ಪಿನ್ನಿನ ನಡುಭಾಗದ ಕಡೆಗೆ, ಅಂದರೆ ಲಗ್‌ನಿಂದ ದೂರಕ್ಕೆ, ಎಳೆಯಬೇಕು. ಒಂದು ಮಿಲಿಮೀಟರ್ ಸರಿದರೆ ಸಾಕು. ಆದರೆ ಹೆಚ್ಚಿನವರು ಎಳೆಯುವುದಿಲ್ಲ, ಮೀಟುತ್ತಾರೆ. ಟೂಲಿನ ತುದಿಯನ್ನು ಬೆಲ್ಟಿಗೂ ಲಗ್‌ಗೂ ನಡುವೆ ತುರುಕಿ, ಲಗ್ ಮೇಲೆ ಅದರ ಬೆನ್ನು ಊರಿ, ಹಾರೆ ಹಾಕಿ ಕಲ್ಲು ಎಬ್ಬಿಸಿದ ಹಾಗೆ ಎಬ್ಬಿಸುತ್ತಾರೆ. ಆಗ ಇಡೀ ಕೈಭಾರ ಲಗ್‌ನ ಅಂಚಿನ ಮೇಲೆ ಬೀಳುತ್ತದೆ. ಟೂಲ್ ಗಡಸು ಉಕ್ಕು. ವಾಚಿನ ಸ್ಟೀಲ್ ಅದಕ್ಕಿಂತ ಎಷ್ಟೋ ಮೆದು, ಹಿತ್ತಾಳೆ ಇನ್ನೂ ಮೆದು. ಗೀರು ಬೀಳದೆ ಇನ್ನೇನು?

ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ತೆಗೆಯುವಾಗ ಕೆಲವರಾದರೂ ಹುಷಾರಾಗಿ ಇರುತ್ತಾರೆ. ಗೀರು ಜಾಸ್ತಿ ಬೀಳುವುದು ಹಾಕುವಾಗ. ಇದನ್ನು ನಾನು ಕಲಿತದ್ದು ಬೇರೆಯವರಿಗೆ ನೋವು ಕೊಟ್ಟು. ಹಾಸನದಲ್ಲಿ ಕೆಲಸ ಕಲಿಯುತ್ತಿದ್ದ ಮೊದಲ ವರ್ಷ ನಿವೃತ್ತ ಮೇಷ್ಟ್ರೊಬ್ಬರು ಚಿನ್ನದ ಲೇಪದ ವಾಚು ತಂದಿದ್ದರು. ಬಸ್ಸಿಗೆ ಹೊತ್ತಾಯಿತು ಅಂದರು. ನಾನು ಪಿನ್ನಿನ ಒಂದು ಮೊನೆ ತೂತಿಗೆ ಇಟ್ಟು, ಇನ್ನೊಂದನ್ನು ಲಗ್ ಅಂಚಿನ ಮೇಲಿಟ್ಟು ಹೆಬ್ಬೆರಳಲ್ಲಿ ಒತ್ತಿದೆ. ಅಂಚೇ ಮೊನೆಯನ್ನು ಒಳಗೆ ತಳ್ಳುತ್ತದೆ, ಜಾರಿ ತೂತಿಗೆ ಬೀಳುತ್ತದೆ, ಬೇಗ ಆಗುತ್ತದೆ. ಆಯಿತು ಕೂಡ. ಆದರೆ ಮೊನೆ ಜಾರಿದ ದಾರಿಯುದ್ದಕ್ಕೂ ರೈಲು ಹಳಿಯ ಹಾಗೆ ಒಂದು ಗೆರೆ ಉಳಿಯಿತು. ಅವರು ನೋಡಿದರು, ಏನೂ ಅನ್ನಲಿಲ್ಲ. ಆಮೇಲೆ ಎಷ್ಟೋ ವರ್ಷ ಅದೇ ವಾಚು ಕಟ್ಟಿಕೊಂಡೇ ಅಂಗಡಿಗೆ ಬರುತ್ತಿದ್ದರು. ಬಂದಾಗಲೆಲ್ಲ ನನ್ನ ಕಣ್ಣು ಮೊದಲು ಆ ಗೆರೆಗೇ ಹೋಗುತ್ತಿತ್ತು. ಅಂದಿನಿಂದ ಇಂದಿನವರೆಗೆ ಯಾರ ವಾಚಿಗೂ ನಾನು ಹೆಬ್ಬೆರಳಲ್ಲಿ ಒತ್ತಿ ಪಿನ್ ಕೂರಿಸಿಲ್ಲ. ನಿಮ್ಮ ವಾಚಿನ ಗೀರುಗಳು ಲಗ್‌ನ ಒಳಗೋಡೆಯಲ್ಲಿ ಇದ್ದರೆ ಅವೂ ಹೀಗೇ ಬಿದ್ದವು ಅಂತ ತಿಳಿಯಬಹುದು.

ಇನ್ನು ಟೂಲ್. ಒಂದು ಪೆನ್ನಿನಂಥ ಹಿಡಿ, ಒಂದು ತುದಿಯಲ್ಲಿ ಕವಲು, ಇನ್ನೊಂದು ತುದಿಯಲ್ಲಿ ಮೊನೆ. ಸ್ವಿಟ್ಜರ್‌ಲೆಂಡಿನ ಬರ್ಜಿಯಾನ್ ಕಂಪನಿಯ 6767 ಎಂಬ ಟೂಲ್ ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತು. ವರ್ಷಕ್ಕೊಮ್ಮೆ ಬೆಲ್ಟ್ ಬದಲಿಸುವವರಿಗೆ ಅಷ್ಟು ದುಬಾರಿಯದು ಬೇಡ. ಅದೇ ರೂಪದ ಅಗ್ಗದ ಟೂಲ್ ಆನ್‌ಲೈನಲ್ಲಿ ಸಿಗುತ್ತದೆ, ಎಷ್ಟೋ ಸಲ ಹೊಸ ಬೆಲ್ಟಿನ ಜೊತೆ ಸುಮ್ನೆ ಕೊಟ್ಟಿರುತ್ತಾರೆ. ತೊಂದರೆ ಏನೆಂದರೆ, ಅಗ್ಗದ ಟೂಲಿನ ಕವಲಿಗೆ ಅಂಚಿನಲ್ಲಿ ಲೋಹದ ಸಣ್ಣ ಮುಳ್ಳು ಉಳಿದಿರುತ್ತದೆ. ಹೆಬ್ಬೆರಳ ಉಗುರಿನ ಮೇಲೆ ಎಳೆದು ನೋಡಿ. ಉಗುರು ಕೆರೆದರೆ ಕೇಸನ್ನೂ ಕೆರೆಯುತ್ತದೆ. ಸಾವಿರ ನಂಬರಿನ ನುಣುಪು ಸ್ಯಾಂಡ್‌ಪೇಪರ್ ತಂದು ಕವಲಿನ ಹೊರ ಅಂಚುಗಳನ್ನೆಲ್ಲ ದುಂಡಗೆ ಉಜ್ಜಿ. ಐದು ನಿಮಿಷದ ಕೆಲಸ. ದುಬಾರಿ ಟೂಲಿಗೂ ಇದನ್ನು ಮಾಡಿಕೊಳ್ಳುವವರಿದ್ದಾರೆ, ನಾನೂ ಒಬ್ಬ.

ಚಾಕು, ಕೈವಾರ, ಹೇರ್‌ಪಿನ್, ಹೊಲಿಗೆ ಸೂಜಿ ಯಾವುದೂ ಬೇಡ. ಅವು ಬಳೆಯನ್ನು ಹಿಡಿಯುವುದಿಲ್ಲ, ಜಾರುತ್ತವೆ. ಗೀರು ಬೀಳುವುದು ಜಾರಿದಾಗಲೇ.

ಕೂರುವ ಜಾಗದ ಬಗ್ಗೆ ಎರಡು ಮಾತು. ಹಗಲು ಬೆಳಕು ಬೀಳುವ ಕಿಟಕಿ ಪಕ್ಕ ಮೇಜು ಹಾಕಿಕೊಳ್ಳಿ. ಒಗೆದು ಒಣಗಿಸಿದ ಹಳೇ ಬನಿಯನ್ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ. ಒಗೆದದ್ದು ಅಂದದ್ದು ಸುಮ್ನೆ ಅಲ್ಲ. ನಮ್ಮ ಕಡೆಯ ಕೆಂಪು ಧೂಳಿನಲ್ಲಿ ಬೆಣಚುಕಲ್ಲಿನ ಕಣ ಇರುತ್ತದೆ. ಗಡಸುತನ ಅಳೆಯುವ ಮೋಸ್ ಅಳತೆಯಲ್ಲಿ ಬೆಣಚುಕಲ್ಲು 7. ಸ್ಟೀಲ್, ಸಾಮಾನ್ಯ ಗಾಜು ಎರಡೂ ಅದಕ್ಕಿಂತ ಕೆಳಗೆ, ಅಕ್ರಿಲಿಕ್ ಗಾಜಂತೂ ಬಹಳ ಕೆಳಗೆ. ವಾಚನ್ನು ಮುಖ ಕೆಳಗೆ ಮಾಡಿ ಇಟ್ಟು ಒತ್ತಿದಾಗ ಬಟ್ಟೆಯಲ್ಲಿ ಒಂದು ಕಣ ಇದ್ದರೂ ಗಾಜಿನ ಮೇಲೆ ಅದರ ಗುರುತು ಮೂಡುತ್ತದೆ. ಲಗ್ ಸಂದಿಯಲ್ಲಿ ಕೂತ ಧೂಳನ್ನೂ ಮೊದಲು ಮೃದು ಬ್ರಷ್ಷಿನಿಂದ ಝಾಡಿಸಿ. ಟೇಪ್ ಹಚ್ಚುವುದು ಆಮೇಲೆ. ಧೂಳಿನ ಮೇಲೆ ಟೇಪ್ ಹಚ್ಚಿ ಒತ್ತಿದರೆ ನೀವೇ ಉಪ್ಪುಕಾಗದ ಹಚ್ಚಿ ಉಜ್ಜಿದ ಹಾಗಾಗುತ್ತದೆ.

ಟೇಪ್ ಅಂದರೆ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಬಿಳಿ ಪೇಪರ್ ಟೇಪ್. ಅದು ತೆಳು, ಕೈಯಲ್ಲೇ ಹರಿಯುತ್ತದೆ, ಅಂಟು ಬಿಡುವುದಿಲ್ಲ. ಪೇಂಟರ್‌ಗಳ ಮಾಸ್ಕಿಂಗ್ ಟೇಪೂ ಆಗುತ್ತದೆ. ಸೆಲೋ ಟೇಪ್ ಜಾರುತ್ತದೆ, ವೈರಿಂಗ್ ಟೇಪ್ ಅಂಟು ಬಿಡುತ್ತದೆ, ಎರಡೂ ಬೇಡ. ಲಗ್‌ನ ಹಿಂಬದಿ, ಹೊರಬದಿ, ಹಿಂದಿನ ಮುಚ್ಚಳದ ಅಂಚು, ಇಷ್ಟು ಮುಚ್ಚಿ. ಒಳಗೋಡೆಗೆ ತೂತು ಬಿಟ್ಟು ಒಂದೇ ಪದರ ಹಚ್ಚಬಹುದು. ನಿಮ್ಮ ವಾಚಿನಲ್ಲಿ ಲೇಪ ಎದ್ದಿರುವ ಜಾಗಕ್ಕೆ ಮಾತ್ರ ಹಚ್ಚಬೇಡಿ. ತೆಗೆಯುವಾಗ ಟೇಪಿನ ಜೊತೆ ಲೇಪದ ಚೂರೂ ಬರುತ್ತದೆ.

ತೆಗೆಯುವ ಕೆಲಸ ನಿಮ್ಮ ವಾಚಿನಲ್ಲಿ ತುಂಬ ಸುಲಭ ಮಾಡಿಕೊಳ್ಳಬಹುದು. ಬೆಲ್ಟ್ ಹೇಗೂ ಬೂಷ್ಟು ಹಿಡಿದು ಹೋಗಿದೆ ಅಂದಿರಿ. ಉಳಿಸುವ ಯೋಚನೆ ಬಿಡಿ. ಲಗ್‌ನಿಂದ ಒಂದು ಸೆಂಟಿಮೀಟರ್ ಬಿಟ್ಟು ಕತ್ತರಿಯಲ್ಲಿ ಕತ್ತರಿಸಿ. ಉಳಿದ ತುಂಡನ್ನು ಪದರ ಪದರವಾಗಿ ಬಿಚ್ಚಿ, ಪಿನ್ ಸುತ್ತಿರುವ ಚರ್ಮವನ್ನು ಉಗುರು ಕತ್ತರಿಯಿಂದ ಸ್ವಲ್ಪ ಸ್ವಲ್ಪವೇ ಕತ್ತರಿಸಿ ತೆಗೆಯಿರಿ. ಕತ್ತರಿಯ ತುದಿ ಯಾವಾಗಲೂ ಕೇಸಿನಿಂದ ಆಚೆ ಮುಖ ಮಾಡಿರಲಿ. ಈಗ ಪಿನ್ ಬರಿದಾಗಿ ಕಾಣುತ್ತದೆ. ಬಳೆ ಎಲ್ಲಿದೆ, ಕವಲು ಎಲ್ಲಿ ಕೂರಬೇಕು, ಎಲ್ಲ ಕಣ್ಣಿಗೆ ಕಾಣುತ್ತದೆ. ಹೊಸ ಬೆಲ್ಟ್ ಕೈಯಲ್ಲಿದ್ದೂ ಹಳೇದನ್ನು ಇಡಿಯಾಗಿ ತೆಗೆಯಲು ಒದ್ದಾಡುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಹಾಳಾದ ಬೆಲ್ಟಿಗಾಗಿ ಯಾರೂ ಕೇಸನ್ನು ಪಣಕ್ಕಿಡಬಾರದು.

ವಾಚಿನ ಮುಖ ಕೆಳಗೆ, ಬೆನ್ನು ಮೇಲೆ. ಕವಲನ್ನು ಬಳೆಯ ಸಂದಿಗೆ ಕೂರಿಸಿ. ಟೂಲಿನ ಹಿಡಿ ಮೇಲಕ್ಕೆ ನೆಟ್ಟಗಿರಲಿ, ಲಗ್ ಮೇಲೆ ಒರಗಬಾರದು. ಈಗ ಬಳೆಯನ್ನು ಪಿನ್ನಿನ ನಡುಭಾಗದ ಕಡೆಗೆ ಎಳೆಯಿರಿ. ಮೊನೆ ತೂತಿನಿಂದ ಬಿಟ್ಟದ್ದು ಬೆರಳಿಗೆ ಗೊತ್ತಾಗುತ್ತದೆ. ಹಾಗೇ ಹಿಡಿದುಕೊಂಡು ಆ ತುದಿಯನ್ನು ನಿಮ್ಮ ಕಡೆಗೆ ಎತ್ತಿ. ಸ್ಪ್ರಿಂಗ್ ಬಿಟ್ಟರೆ ಪಿನ್ ಹಾರುತ್ತದೆ, ಅದಕ್ಕೇ ಕನ್ನಡಕ ಹಾಕಿಕೊಳ್ಳಿ. ದೊಡ್ಡದೊಂದು ಪಾರದರ್ಶಕ ಪ್ಲಾಸ್ಟಿಕ್ ಕವರ್ ಒಳಗೆ ಎರಡೂ ಕೈ ತೂರಿಸಿ ಕೆಲಸ ಮಾಡಿದರೆ ಪಿನ್ ಹಾರಿದರೂ ಅದರಲ್ಲೇ ಇರುತ್ತದೆ.

ಕೆಲವು ವಾಚಿನಲ್ಲಿ ಲಗ್‌ನ ಹೊರಮೈಯಲ್ಲೇ ತೂತು ಕಾಣುತ್ತದೆ. ಹಾಗಿದ್ದರೆ ಟೂಲಿನ ಮೊನೆ ತುದಿಯನ್ನು ಹೊರಗಿನಿಂದ ತೂರಿಸಿ ಪಿನ್ನಿನ ಮೊನೆಯನ್ನು ಒಳಕ್ಕೆ ಒತ್ತಿದರಾಯಿತು. ಇನ್ನು ಕೆಲವು ಹಳೇ ವಾಚುಗಳಲ್ಲಿ, ಹೆಂಗಸರ ಸಣ್ಣ ವಾಚುಗಳಲ್ಲಿ ಜಾಸ್ತಿ, ಪಿನ್ ಇರುವುದೇ ಇಲ್ಲ. ಸರಳನ್ನು ಲಗ್‌ಗೇ ಬೆಸೆದಿರುತ್ತಾರೆ. ಬಳೆ, ಸಂದು ಏನೂ ಕಾಣದಿದ್ದರೆ ಮುಟ್ಟಬೇಡಿ. ಅದಕ್ಕೆ ಬೇರೆ ಬಗೆಯ ಬೆಲ್ಟ್ ಬೇಕು.

ಮಲೆನಾಡಿನಲ್ಲಿ ಇನ್ನೊಂದು ತೊಂದರೆ ತುಕ್ಕು. ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದು ಹೆಪ್ಪುಗಟ್ಟಿದ್ದರೆ ಬಳೆ ಎಳೆದರೂ ಬರುವುದಿಲ್ಲ. ಆಗ ಬಲ ಹಾಕಬೇಡಿ, ಬಲ ಹಾಕಿದಾಗಲೇ ಟೂಲ್ ಜಾರುವುದು. ಸೂಜಿಯ ತುದಿಯಿಂದ ಹೊಲಿಗೆ ಮೆಷಿನ್ ಎಣ್ಣೆ ಒಂದೇ ಹನಿ ಮೊನೆಯ ಬುಡಕ್ಕೆ ಬಿಟ್ಟು ರಾತ್ರಿ ಇಡೀ ಹಾಗೇ ಇಡಿ. ಬೆಳಿಗ್ಗೆಯೂ ಬರದಿದ್ದರೆ, ಚರ್ಮ ತೆಗೆದು ಬರಿದಾದ ಪಿನ್ನನ್ನು ಸಣ್ಣ ಕಟಿಂಗ್ ಪ್ಲೇಯರ್‌ನಿಂದ ನಡುವೆ ಕತ್ತರಿಸಬಹುದು. ಎರಡು ತುಂಡೂ ಒಳಮುಖವಾಗಿ ಹೊರಗೆ ಬರುತ್ತವೆ. ಮೊನೆ ಮುರಿದು ತೂತಿನೊಳಗೇ ಉಳಿದರೆ ಮಾತ್ರ ಅಲ್ಲಿಗೇ ನಿಲ್ಲಿಸಿ, ಅದು ರಿಪೇರಿಯವರ ಕೆಲಸ.

ಈಗ ಹಾಕುವ ಕೆಲಸ. ದಯವಿಟ್ಟು ಇಲ್ಲಿ ಆತುರ ಬೇಡ. ತೆಗೆದ ಮೇಲೆ ಎದ್ದು ಒಂದು ಲೋಟ ಕಾಫಿ ಕುಡಿದು, ಕೈ ಒರೆಸಿಕೊಂಡು ಬಂದು ಕೂತರೂ ಒಳ್ಳೆಯದೇ.

ಹಳೇ ಪಿನ್ ಮತ್ತೆ ಹಾಕಬೇಡಿ. ಹೊಸ ಜೊತೆಗೆ ದುಡ್ಡು ಜಾಸ್ತಿ ಇಲ್ಲ, ವಾಚು ಬಿದ್ದರೆ ಆಗುವ ನಷ್ಟದ ಮುಂದೆ ಅದು ಏನೂ ಅಲ್ಲ. ಹೊಸ ಪಿನ್ನನ್ನು ಬೆಲ್ಟ್ ಇಲ್ಲದೆ ಒಮ್ಮೆ ಲಗ್ ನಡುವೆ ಕೂರಿಸಿ ನೋಡಿ. ಉದ್ದ ಸರಿಯಿದೆಯಾ, ಮೊನೆ ತೂತಿಗೆ ಪೂರ್ತಿ ಇಳಿಯುತ್ತಾ, ಅಲ್ಲಾಡುತ್ತಾ ಅಂತ ಇಲ್ಲೇ ಗೊತ್ತಾಗುತ್ತದೆ. ಕೈಗೂ ಅಭ್ಯಾಸ ಆಗುತ್ತದೆ. ಆಮೇಲೆ ತೆಗೆದು ಬೆಲ್ಟಿನೊಳಗೆ ತೂರಿಸಿ. ಬಕಲ್ ಇರುವ ಅರ್ಧ 12ರ ಕಡೆಗೆ, ತೂತುಗಳಿರುವ ಉದ್ದದ ಅರ್ಧ 6ರ ಕಡೆಗೆ.

ಬೆಲ್ಟನ್ನು ಸ್ವಲ್ಪ ಓರೆ ಮಾಡಿ ಒಂದು ಮೊನೆಯನ್ನು ಆಚೆ ಲಗ್‌ನ ತೂತಿಗೆ ಇಡಿ. ಅದು ಕೂತದ್ದು ಖಚಿತವಾಗುವವರೆಗೆ ಮುಂದೆ ಹೋಗಬೇಡಿ. ಈಗ ಈಚೆ ಮೊನೆಯ ಬಳೆಗೆ ಕವಲು ಹಾಕಿ, ಮೊನೆ ಬೆಲ್ಟಿನ ಅಂಚಿನಿಂದ ಹೊರಗೆ ಕಾಣದಷ್ಟು ಒಳಗೆ ಎಳೆದುಕೊಳ್ಳಿ. ಎಳೆದು ಹಿಡಿದೇ ಬೆಲ್ಟನ್ನು ವಾಚಿನ ಬೆನ್ನ ಕಡೆಯಿಂದ ಲಗ್ ನಡುವೆ ಇಳಿಸಿ. ಮೊನೆ ಲಗ್‌ನ ಅಂಚನ್ನು ದಾಟುವವರೆಗೆ ಅದು ಗೋಡೆಗೆ ತಾಗಲೇಬಾರದು. ತೂತಿನ ಎದುರಿಗೆ ಬಂದಿದೆ ಅನ್ನಿಸಿದಾಗ ಕವಲನ್ನು ಮೆಲ್ಲಗೆ ಸಡಿಲಿಸಿ. ಟಕ್ ಎಂದು ಸಣ್ಣ ಸದ್ದು ಬರುತ್ತದೆ. ಸದ್ದು ಬರಲಿಲ್ಲ ಅಂದರೆ ಮೊನೆ ತೂತಿನ ಪಕ್ಕದ ಗೋಡೆಗೆ ಒತ್ತಿಕೊಂಡಿದೆ ಅಂತ ಅರ್ಥ. ಆಗ ಬೆಲ್ಟನ್ನು ಹಿಂದೆ ಮುಂದೆ ಎಳೆದಾಡಿ ತೂತು ಹುಡುಕಬೇಡಿ. ಒಂದೊಂದು ಎಳೆತವೂ ಒಂದೊಂದು ಗೀರು. ಮತ್ತೆ ಕವಲು ಹಾಕಿ, ಮೊನೆಯನ್ನು ಒಳಗೆಳೆದು, ಬೆಲ್ಟನ್ನು ಪೂರ್ತಿ ಹೊರಗೆ ತಂದು, ಮೊದಲಿಂದ ಮಾಡಿ. ಮೂರು ಸಲ ಆದರೂ ಸರಿ. ನಾನೂ ಕೆಲವೊಮ್ಮೆ ಮೂರು ಸಲ ಮಾಡುತ್ತೇನೆ.

ಲೇಪದ ಕೇಸಿಗೆ ನಾನು ಇನ್ನೊಂದು ಉಪಾಯ ಮಾಡುತ್ತೇನೆ. ಹಾಲಿನ ಪ್ಯಾಕೆಟ್ಟನ್ನು ತೊಳೆದು ಒಣಗಿಸಿ, ಅರ್ಧ ಸೆಂಟಿಮೀಟರ್ ಅಗಲದ ಪಟ್ಟಿ ಕತ್ತರಿಸಿಕೊಳ್ಳುತ್ತೇನೆ. ಅದು ತೆಳು, ಆದರೆ ಸುಲಭಕ್ಕೆ ಹರಿಯುವುದಿಲ್ಲ. ಈಚೆ ಲಗ್‌ನ ಒಳಗೋಡೆಗೆ ಅದನ್ನು ಅಡ್ಡ ಇಟ್ಟು, ಬೆಲ್ಟ್ ಇಳಿಸಿ, ಮೊನೆ ತೂತಿನ ನೇರಕ್ಕೆ ಬಂದ ಮೇಲೆ ಪಟ್ಟಿಯನ್ನು ಮೇಲಕ್ಕೆ ಎಳೆದುಬಿಡುತ್ತೇನೆ. ಮೊನೆ ತೂತಿಗೆ ಬೀಳುತ್ತದೆ. ಅಲ್ಲಿಯವರೆಗೆ ಅದು ತಾಗಿದ್ದು ಪ್ಲಾಸ್ಟಿಕ್ಕಿಗೆ ಮಾತ್ರ.

ಕೂತ ಮೇಲೆ ಪರೀಕ್ಷೆ. ಹಾಸಿಗೆಯ ಮೇಲೆ ಹಿಡಿದು ಎರಡೂ ಅರ್ಧವನ್ನು ಗಟ್ಟಿಯಾಗಿ ಎಳೆಯಿರಿ, ಪಕ್ಕಕ್ಕೂ ತಿರುಚಿ ನೋಡಿ. ಬೆಲ್ಟ್ ಎರಡೂ ಕಡೆ ಒಂದೇ ಮಟ್ಟದಲ್ಲಿ ಕೂತಿರಬೇಕು.

ಇಷ್ಟೆಲ್ಲ ಬೇಡ ಅನ್ನುವವರಿಗೆ ಈಗ ಕ್ವಿಕ್ ರಿಲೀಸ್ ಬೆಲ್ಟ್ ಬಂದಿದೆ. ಪಿನ್‌ನಲ್ಲೇ ಪುಟ್ಟ ಗುಂಡಿ ಇರುತ್ತದೆ, ಉಗುರಿನಿಂದ ಸರಿಸಿದರೆ ಮೊನೆ ಒಳಗೆ ಹೋಗುತ್ತದೆ. ಟೂಲ್ ಮುಟ್ಟುವ ಮಾತೇ ಇಲ್ಲ. ಮೊದಲ ಸಲ ಹಳೇ ಬೆಲ್ಟ್ ತೆಗೆಯಲು ಮಾತ್ರ ಟೂಲ್ ಬೇಕು, ಮುಂದೆ ಬೇಡ. ಮನೆಯಲ್ಲೇ ಬದಲಿಸಿಕೊಳ್ಳುವ ಮನಸ್ಸು ಇರುವ ನಿಮಗೆ ಇದನ್ನೇ ಹೇಳುತ್ತೇನೆ.

ಬೆಲ್ಟಿನ ಅಳತೆ ಅಂದರೆ ಎರಡು ಲಗ್ ನಡುವಿನ ಅಂತರ. ಸ್ಟೀಲ್ ಸ್ಕೇಲ್ ಅಲ್ಲಿ ತುರುಕಬೇಡಿ. ದಪ್ಪ ಕಾಗದದ ಪಟ್ಟಿಯನ್ನು ಆ ಸಂದಿಗೆ ಸರಿಯಾಗಿ ಕೂರುವಷ್ಟು ಕತ್ತರಿಸಿ, ಆ ಕಾಗದವನ್ನು ಅಳೆಯಿರಿ. ಗಂಡಸರ ಹಳೇ ವಾಚುಗಳಲ್ಲಿ 18 ಮಿ.ಮೀ. ತುಂಬ ಸಾಮಾನ್ಯ, ಈಗಿನವಕ್ಕೆ 20, 22. ಬೆಲ್ಟ್ ಒಂದು ಮಿಲಿಮೀಟರ್ ಕಡಿಮೆಯಾದರೂ ಅದು ಪಿನ್ ಮೇಲೆ ಅತ್ತಿತ್ತ ಓಡಾಡುತ್ತದೆ, ಜಾಸ್ತಿಯಾದರೆ ತುರುಕುವಾಗ ಲಗ್ ಉಜ್ಜುತ್ತದೆ.

ನಿಮ್ಮ ಹೆಂಡತಿಯ ಸ್ಟೀಲ್ ವಾಚಿಗೆ ಬರೋಣ. ಮೊದಲು ನೋಡಬೇಕಾದ್ದು, ಚೈನ್ ತೆಗೆದರೆ ಸಾಮಾನ್ಯ ಬೆಲ್ಟ್ ಕೂರುತ್ತದಾ ಅಂತ. ನೇರವಾದ ಎರಡು ಲಗ್ ಇದ್ದರೆ ಕೂರುತ್ತದೆ. ಚೈನಿನ ಕೊಂಡಿ ಕೇಸಿನ ನಡುವಿನ ಕಚ್ಚಿನಲ್ಲಿ ಮೂಗಿನ ಹಾಗೆ ತೂರಿಕೊಂಡಿದ್ದರೆ ಅದಕ್ಕೆಂದೇ ಮಾಡಿದ ಬೆಲ್ಟ್ ಬೇಕು. ಇದನ್ನು ನೋಡದೆ ಬೆಲ್ಟ್ ಕೊಂಡು ಬಂದವರು ಬಹಳ ಜನ.

ಚೈನ್ ತೆಗೆಯುವಾಗ ಕೇಸನ್ನು ಕೆರೆಯುವುದು ಟೂಲಿಗಿಂತ ಜಾಸ್ತಿ ಚೈನೇ. ಕೊನೆಯ ಕೊಂಡಿ ಲಗ್ ನಡುವೆ ಬಿಗಿಯಾಗಿ ಕೂತಿರುತ್ತದೆ, ಅದರ ಮೂಲೆಗಳು ಚೂಪು. ಒಂದು ಕಡೆ ಪಿನ್ ಬಿಟ್ಟ ಕೂಡಲೇ ಚೈನಿನ ಭಾರಕ್ಕೆ ಕೊಂಡಿ ತಿರುಚಿಕೊಂಡು ಲಗ್‌ನ ಒಳಗೋಡೆಯನ್ನು ಕೆರೆಯುತ್ತದೆ. ಅದಕ್ಕೆ ಮೊದಲು ಕೊಕ್ಕೆ ಬಿಚ್ಚಿ, ಎರಡೂ ಅರ್ಧ ಬಟ್ಟೆಯ ಮೇಲೆ ಚಪ್ಪಟೆಯಾಗಿ ಮಲಗಲಿ. ಭಾರ ನೇತಾಡಬಾರದು. ಹಿಂದಿನಿಂದ ನೋಡಿದರೆ ಕೊಂಡಿಯ ಪಕ್ಕ ಪಿನ್ನಿನ ಬಳೆ ಕಾಣುವ ಸಣ್ಣ ಸಂದು ಇರುತ್ತದೆ, ಕವಲು ಅಲ್ಲಿ. ಒಂದು ಕಡೆ ಬಿಡಿಸಿ ಕೂದಲೆಳೆಯಷ್ಟು ಮಾತ್ರ ಸರಿಸಿ, ತಕ್ಷಣ ಇನ್ನೊಂದು ಕಡೆ ಬಿಡಿಸಿ. ಎರಡೂ ಬಿಟ್ಟ ಮೇಲೆ ಕೊಂಡಿಯನ್ನು ನೆಟ್ಟಗೆ ಹೊರಕ್ಕೆ ಎಳೆಯಿರಿ, ತಿರುಗಿಸಬೇಡಿ. ಚೈನನ್ನೂ ಅದರ ಪಿನ್ನುಗಳನ್ನೂ ಒಂದು ಡಬ್ಬಿಯಲ್ಲಿ ಹಾಕಿಡಿ. ಚೈನಿನ ಪಿನ್ನು ಕೆಲವೊಮ್ಮೆ ಬೆಲ್ಟಿನ ಪಿನ್ನಿಗಿಂತ ದಪ್ಪ ಇರುತ್ತದೆ, ಅದಲು ಬದಲು ಆಗಬಾರದು.

ಮತ್ತೆ ಚೈನ್ ಹಾಕುವ ದಿನ ಬಂದರೆ ಒಳಗೋಡೆಗೆ ಟೇಪ್ ಹಚ್ಚಲು ಜಾಗ ಇರುವುದಿಲ್ಲ. ಹಿಂಬದಿ, ಹೊರಬದಿ ಮಾತ್ರ ಮುಚ್ಚಿ, ಆ ಕೆಲಸಕ್ಕೆ ಇನ್ನೊಬ್ಬರನ್ನು ಜೊತೆಗೆ ಕೂರಿಸಿಕೊಳ್ಳಿ. ಒಬ್ಬರು ಕೇಸ್ ಮತ್ತು ಚೈನ್ ಹಿಡಿಯಲಿ, ಇನ್ನೊಬ್ಬರು ಪಿನ್ ನೋಡಿಕೊಳ್ಳಲಿ.

ಕೊನೆಗೆ ಅಪ್ಪನ ವಾಚಿಗೆ ಯಾವ ಬೆಲ್ಟ್ ಅನ್ನುವುದು. ಚರ್ಮ ಚೆಂದ, ಒಪ್ಪುತ್ತೇನೆ. ಆದರೆ ಮೂಡಿಗೆರೆಯ ಮಳೆಯಲ್ಲಿ ಚರ್ಮ ಒಣಗುವುದೇ ಇಲ್ಲ. ಒದ್ದೆ ಚರ್ಮ ಲಗ್‌ಗೆ ಅಂಟಿಕೊಂಡೇ ಇರುವುದರಿಂದ ಅಲ್ಲಿ ಕಿಲುಬು ಇನ್ನೂ ಬೇಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಲಾನ್ ಪಟ್ಟಿ ಹಾಕಿ, ದೀಪಾವಳಿ ಕಳೆದ ಮೇಲೆ ಚರ್ಮ ಹಾಕಿ. ನೈಲಾನ್‌ನಲ್ಲಿ ಒಂದೇ ಉದ್ದ ಪಟ್ಟಿಯ ಬೆಲ್ಟ್ ಇದೆ, ನೇಟೋ ಬೆಲ್ಟ್ ಅಂತ ಕೇಳಿ. 1973ರಲ್ಲಿ ಬ್ರಿಟಿಷ್ ಸೇನೆಗೆಂದು ಗೊತ್ತುಮಾಡಿದ ಮಾದರಿ ಅದು. ಪಿನ್ ತೆಗೆಯುವುದೇ ಬೇಡ, ಅದರ ಅಡಿಯಿಂದ ಪಟ್ಟಿ ತೂರಿಸಿದರೆ ಮುಗಿಯಿತು. ಸರಳು ಬೆಸೆದ ವಾಚಿಗೂ ಇದು ಆಗುತ್ತದೆ. ಒಂದು ಪಿನ್ ಕಿತ್ತುಬಂದರೂ ಇನ್ನೊಂದರ ಮೇಲೆ ವಾಚು ಕೈಯಲ್ಲೇ ಉಳಿಯುತ್ತದೆ. ನವೆಂಬರ್‌ನಿಂದ ಕಾಫಿ ಕೊಯ್ಲು ಶುರುವಾದ ಮೇಲೆ ತೋಟಕ್ಕೆ ಹೋಗುವಾಗಲೂ ಇದನ್ನೇ ಕಟ್ಟಿ. ಹಣ್ಣಿನ ಅಂಟು ಹಿಡಿದರೆ ಬಿಚ್ಚಿ ಸೋಪಿನಲ್ಲಿ ತೊಳೆಯಬಹುದು, ಚರ್ಮವನ್ನು ಹಾಗೆ ತೊಳೆಯಲು ಆಗುವುದಿಲ್ಲ.

ಇಷ್ಟು ಓದಿದ ಮೇಲೂ ಕೈ ನಡುಗುತ್ತದೆ ಅನ್ನಿಸಿದರೆ, ಮನೆಯಲ್ಲೇ ಲಗ್‌ಗಳಿಗೆ ಪೇಪರ್ ಟೇಪ್ ಹಚ್ಚಿಕೊಂಡು ಅಂಗಡಿಗೆ ಹೋಗಿ. “ಲೇಪದ ಕೇಸು, ಅಪ್ಪನದು, ಹಿಂದಿನಿಂದ ಹಾಕಿ” ಅಂತ ಹೇಳಿ. ಸಂಕೋಚ ಬೇಡ. ಚಿಕ್ಕಮಗಳೂರಿನಲ್ಲಿ ನನ್ನ ಮೇಜಿಗೂ ವರ್ಷಕ್ಕೆ ಒಂದೋ ಎರಡೋ ವಾಚು ಹಾಗೆ ಟೇಪ್ ಸುತ್ತಿಕೊಂಡು ಬರುತ್ತವೆ. ಅಂಥ ವಾಚು ಬಂದರೆ ನಾನು ಕೈಯಲ್ಲಿರುವ ಕೆಲಸ ಪಕ್ಕಕ್ಕಿಟ್ಟು, ಮೇಜಿನ ಮೇಲೆ ಹಾಸಿದ ಬಟ್ಟೆ ಬದಲಿಸಿ ಕೂರುತ್ತೇನೆ.